ಬಿಸಿಲು ಆಗದ ಮಗುವಿಗೆ ಬೆಳಕಿನ ಚಿಕಿತ್ಸೆ

"ಬಿಸಿಲಿಗೇ ಬಿಡಬೇಡಿ ಅಂದವರು ನೀವು. ಈಗ ಲೈಟ್ ಹಾಕಿ ಟ್ರೀಟ್‌ಮೆಂಟ್ ಕೊಡೋಣ ಅಂತೀರಲ್ಲ ಡಾಕ್ಟ್ರೇ?" ಝೆರೋಡರ್ಮಾ ಪಿಗ್ಮೆಂಟೋಸಮ್ ಇರುವ ಮಕ್ಕಳ ತಾಯ್ತಂದೆಯರು ಹೀಗೆ ಕೇಳುವುದು ನ್ಯಾಯವಾಗಿಯೇ ಇದೆ. ಎಕ್ಸ್‌ಪಿ ಎಂದು ನಾವು ಚಿಕ್ಕದಾಗಿ ಕರೆಯುವ ಈ ಕಾಯಿಲೆಯಲ್ಲಿ ವೈರಿ ಯಾವ ಬೆಳಕು ಎಂಬುದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಎಲ್ಲರ ಚರ್ಮದ ಡಿಎನ್‌ಎಯನ್ನೂ ಕೆಡಿಸುತ್ತವೆ. ನಮ್ಮ ಜೀವಕೋಶಗಳು ಅದನ್ನು ಆಗಿಂದಾಗ್ಗೆ ರಿಪೇರಿ ಮಾಡಿಕೊಳ್ಳುತ್ತವೆ. ಈ ಮಕ್ಕಳಲ್ಲಿ ಆ ರಿಪೇರಿಯಲ್ಲೇ ಹುಟ್ಟಿನಿಂದ ದೋಷವಿದೆ ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಎರಡು ವರ್ಷ ತುಂಬುವುದರೊಳಗೇ ಮುಖದ ತುಂಬ ಕಂದು ಚುಕ್ಕೆಗಳು ಮೂಡುತ್ತವೆ. ಕೆಲವು ಮಕ್ಕಳಿಗೆ ಸ್ವಲ್ಪ ಬಿಸಿಲಿಗೇ ಬೊಬ್ಬೆ ಏಳುತ್ತದೆ. ಇನ್ನು ಕೆಲವರಿಗೆ ಹಾಗೇನೂ ಆಗದು, ಅದಕ್ಕೇ ಮನೆಯವರಿಗೆ ತಡವಾಗಿ ಗೊತ್ತಾಗುತ್ತದೆ. ನಮ್ಮ ಮೈಬಣ್ಣದವರಲ್ಲಿ ಚರ್ಮದ ಕ್ಯಾನ್ಸರ್ ಅಪರೂಪ. ಆದರೂ ಈ ಮಕ್ಕಳಲ್ಲಿ ಪ್ರೈಮರಿ ಶಾಲೆಯ ವಯಸ್ಸಿಗೇ ಅದು ಕಾಣಿಸಿಕೊಳ್ಳಬಹುದು.

ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ. ತಾಯಿಯಿಂದೊಂದು, ತಂದೆಯಿಂದೊಂದು ದೋಷದ ಜೀನ್ ಸೇರಿದಾಗ ಕಾಯಿಲೆ ಬರುತ್ತದೆ. ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ಮದುವೆಯಾಗುವ ಕುಟುಂಬಗಳಲ್ಲಿ ಈ ಸಾಧ್ಯತೆ ಹೆಚ್ಚು. ಇಬ್ಬರಲ್ಲೂ ದೋಷದ ಜೀನ್ ಇರುವ ದಂಪತಿಗೆ ಪ್ರತಿ ಬಸಿರಿನಲ್ಲೂ ನೂರಕ್ಕೆ 25ರಷ್ಟು ಅಪಾಯ ಇರುತ್ತದೆ. ಮುಂದಿನ ಮಗುವಿಗೆ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿಬನ್ನಿ.

ಇನ್ನು ಈ ಕ್ಯಾನ್ಸರ್‌ಗೆ ಕೊಡುವ ಬೆಳಕಿನ ಚಿಕಿತ್ಸೆ. ಫೋಟೋಡೈನಮಿಕ್ ಥೆರಪಿ ಎಂಬ ಇದರ ಬೇರು 1900ರ ಮ್ಯೂನಿಕ್‌ನಲ್ಲಿದೆ. ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಅಕ್ರಿಡಿನ್ ಎಂಬ ವಸ್ತು ಬೆರೆಸಿದ ನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ಬಿಟ್ಟಿದ್ದ. ಬೆಳಕು ಬಿದ್ದಾಗ ಅವು ಬೇಗ ಸತ್ತವು, ಕತ್ತಲಲ್ಲಿ ಅಷ್ಟು ಬೇಗ ಸಾಯಲಿಲ್ಲ. ಇಂದಿನ ಚಿಕಿತ್ಸೆಯೂ ವಸ್ತು ಮತ್ತು ಬೆಳಕಿನ ಅದೇ ಜೋಡಿಯನ್ನು ನಂಬಿದೆ. ಗಾಯದ ಹಕ್ಕಳೆಯನ್ನು ಮೆಲ್ಲಗೆ ಕೆರೆದು, ಅಮೈನೋಲೆವುಲಿನಿಕ್ ಆಮ್ಲದ ಅಥವಾ ಅದರ ಮೀಥೈಲ್ ರೂಪದ ಮುಲಾಮು ಹಚ್ಚಿ, ಬೆಳಕು ತಾಗದಂತೆ ಸುಮಾರು ಮೂರು ಗಂಟೆ ಪಟ್ಟಿ ಕಟ್ಟುತ್ತಾರೆ. ಮುಲಾಮನ್ನು ಹೀರಿಕೊಂಡ ಕ್ಯಾನ್ಸರ್ ಕೋಶಗಳಲ್ಲಿ ಪೋರ್ಫಿರಿನ್ ಎಂಬ ವಸ್ತು ಹೆಚ್ಚಾಗಿ ತುಂಬಿಕೊಳ್ಳುತ್ತದೆ. ಪಟ್ಟಿ ಬಿಚ್ಚಿ ಸುಮಾರು 630 ನ್ಯಾನೋಮೀಟರ್‌ನ ಕೆಂಪು ದೀಪವನ್ನು ಕೆಲವು ನಿಮಿಷ ಹಿಡಿದರೆ, ಪೋರ್ಫಿರಿನ್ ಅಲ್ಲಿರುವ ಆಮ್ಲಜನಕವನ್ನು ಕೆರಳಿಸಿ ಆ ಕೋಶಗಳನ್ನು ಕೊಲ್ಲುತ್ತದೆ. ಸಾಮಾನ್ಯವಾಗಿ ಒಂದು ವಾರ ಬಿಟ್ಟು ಇನ್ನೊಂದು ಸಲ ಮಾಡುತ್ತಾರೆ.

ಅತಿನೇರಳೆ ಕಿರಣಗಳಿರುವುದು 400 ನ್ಯಾನೋಮೀಟರ್‌ಗಿಂತ ಕೆಳಗೆ. ಕೆಂಪು ದೀಪದ್ದು ಅದರಿಂದ ಬಹಳ ದೂರದ ಅಲೆ. ಬಿಸಿಲಿನಂತೆ ಅದು ನೇರವಾಗಿ ಡಿಎನ್‌ಎಯನ್ನು ಕೆಡಿಸುವುದಿಲ್ಲ. (ಮೊಬೈಲ್‌ನಲ್ಲಿ ಜಾಹೀರಾತು ಬರುವ ಎಲ್‌ಇಡಿ ಮುಖವಾಡಗಳಿಗೂ ಈ ಚಿಕಿತ್ಸೆಗೂ ನಂಟಿಲ್ಲ. ದಯವಿಟ್ಟು ಕೊಳ್ಳಬೇಡಿ.)

ನೋವಿಲ್ಲದ ಚಿಕಿತ್ಸೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೀಪದಡಿ ಚೆನ್ನಾಗಿಯೇ ಉರಿಯುತ್ತದೆ. ಫ್ಯಾನು, ತಣ್ಣೀರಿನ ಸಿಂಪಡಣೆ, ಮರಗಟ್ಟಿಸುವ ಇಂಜೆಕ್ಷನ್ ಬೇಕಾಗಬಹುದು. ತೀರಾ ಚಿಕ್ಕ ಮಕ್ಕಳಿಗೆ ಮಂಪರು ಬರಿಸಬೇಕಾಗಬಹುದು. ಆಮೇಲೆ ಆ ಜಾಗ ಕೆಂಪಾಗಿ ಊದಿಕೊಂಡು ಹಕ್ಕಳೆಗಟ್ಟಿ ಉದುರುತ್ತದೆ. ಎರಡು ದಿನ ಅಲ್ಲಿಗೆ ಮನೆಯೊಳಗಿನ ಪ್ರಖರ ದೀಪವೂ ಬೀಳಬಾರದು.

ಚಿಕಿತ್ಸೆಯ ಮಿತಿಯನ್ನೂ ಹೇಳಿಬಿಡುತ್ತೇನೆ. ಅದರ ಪರಿಣಾಮ ಒಂದೆರಡು ಮಿಲಿಮೀಟರ್ ಆಳದವರೆಗೆ ಮಾತ್ರ. ಚರ್ಮದ ಮೇಲ್ಪದರದಲ್ಲೇ ಇರುವ ಬೇಸಲ್ ಸೆಲ್ ಕ್ಯಾನ್ಸರ್‌ಗೆ ಸರಿ. ಆಳಕ್ಕಿಳಿದ ಗಡ್ಡೆಗೂ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೂ ಸಲ್ಲದು. ಮೇಲೆ ವಾಸಿಯಾದಂತೆ ಕಂಡು ಅಡಿಯಲ್ಲಿ ಬೆಳೆಯುತ್ತಿರಬಹುದು. ಆದ್ದರಿಂದ ಬಯಾಪ್ಸಿ ಇಲ್ಲದೆ ಒಪ್ಪಬೇಡಿ. ಎಕ್ಸ್‌ಪಿ ಮಕ್ಕಳಲ್ಲಿ ಇದರ ಅನುಭವ ಕಡಿಮೆ. ಕೆಲವರಿಗೆ ಅನುಕೂಲವಾಗಿದೆ, ಕೆಲವರಲ್ಲಿ ಚರ್ಮ ವಿಪರೀತ ಕೆರಳಿದ್ದೂ ವರದಿಯಾಗಿದೆ. ಒಂದೇ ಗಡ್ಡೆಯಿದ್ದರೆ ನನ್ನ ಒಲವು ಈಗಲೂ ಆಪರೇಷನ್ ಕಡೆಗೆ. ಮತ್ತೆ ಮತ್ತೆ ಕೊಯ್ದು ಮೂಗಿನ ಆಕಾರವೇ ಕೆಡುವಂತಿದ್ದಾಗ, ಹತ್ತಿರ ಹತ್ತಿರ ಹಲವು ತೆಳು ಕಲೆಗಳಿದ್ದಾಗ ಈ ದೀಪದ ಮಾತು ಬರುತ್ತದೆ. ಇಮಿಕ್ವಿಮೋಡ್, ಫ್ಲೋರೋಯುರಾಸಿಲ್ ಮುಲಾಮುಗಳೂ ಇವೆ. ಇವುಗಳಲ್ಲಿ ನಮ್ಮ ಮಗುವಿಗೆ ಯಾವುದು, ಯಾಕೆ ಎಂದು ಕೇಳಿ ತಿಳಿದುಕೊಳ್ಳಿ.

ಯಾವ ಚಿಕಿತ್ಸೆ ಆದರೂ ಬಿಸಿಲಿನ ಪಥ್ಯ ತಪ್ಪುವಂತಿಲ್ಲ. ಕಿಟಕಿಯ ಗಾಜು ಅತಿನೇರಳೆ ಬಿ ಕಿರಣವನ್ನು ತಡೆದರೂ ಎ ಕಿರಣವನ್ನು ಬಿಡುತ್ತದೆ. ಶಾಲೆಯಲ್ಲಿ ಕಿಟಕಿ ಪಕ್ಕ ಕೂರಿಸಬೇಡಿ ಎಂದು ಟೀಚರಿಗೆ ಹೇಳಿ; ಮನೆ, ಕಾರಿನ ಗಾಜಿಗೆ ಯುವಿ ತಡೆಯುವ ಫಿಲ್ಮ್ ಅಂಟಿಸಿ. ಬಿಸಿಲಿಲ್ಲದ ಮೈಗೆ ವಿಟಮಿನ್ ಡಿ ಮಾತ್ರೆ ಬೇಕು, ಪ್ರಮಾಣ ವೈದ್ಯರು ಹೇಳಿದಷ್ಟು. ಮೂರು ತಿಂಗಳಿಗೊಮ್ಮೆ ತಜ್ಞರಿಗೆ ತೋರಿಸುವ ಜೊತೆಗೆ ಮನೆಯಲ್ಲೂ ನೋಡುತ್ತಿರಿ: ಮುತ್ತಿನ ಹೊಳಪಿನ ಗುಳ್ಳೆ, ಹಕ್ಕಳೆ ಬಿದ್ದು ರಕ್ತ ಒಸರಿ ಮತ್ತೆ ಹಕ್ಕಳೆಗಟ್ಟುವ ಹುಣ್ಣು. ಮೂಗು, ತುಟಿ, ರೆಪ್ಪೆಗಳ ಜೊತೆ ನಾಲಿಗೆಯ ತುದಿಯನ್ನೂ ನೋಡಿ. ಅಲ್ಲೂ ಗಡ್ಡೆ ಬರುವುದುಂಟು.