ಒಂಬತ್ತು ಅಂದರೆ ಒಂಬತ್ತೇ: ಆನ್‌ಲೈನ್ ಪಾತ್ರಧಾರಿಗಳಿಗೆ ಎಂಟು ಸೂತ್ರ

ಕೊಳ್ಳೇಗಾಲದ ಮನೆಯ ಜಗಲಿಯಲ್ಲಿ ಕೂತು ಅಕ್ಕನ ಮಗ ಮೊಬೈಲಿನಲ್ಲಿ ಆಡುತ್ತಿದ್ದ. ಜೊತೆಯವನೊಬ್ಬ ಹೊತ್ತಿಗೆ ಮುಂಚೆ ಕೋಟೆಗೆ ನುಗ್ಗಿದ್ದರಿಂದ ಇಡೀ ತಂಡ ಸತ್ತಿತು. ಇವನು ಮೈಕಿನಲ್ಲಿ ಕನ್ನಡದಲ್ಲೇ ಬೈದ, ಅಚ್ಚು ಹಾಕುವ ಮಾತಲ್ಲ. ಎಲ್ಲೆಲ್ಲಿಯವರೋ ಸೇರಿದ ಸರ್ವರ್, ಯಾರಿಗೆ ತಿಳಿದೀತು ಎಂಬ ಧೈರ್ಯ. ಎರಡು ಕ್ಷಣ ಸದ್ದಿಲ್ಲ. ಆಮೇಲೆ ಆ ಕಡೆಯಿಂದ ಮೆಲ್ಲಗೆ, 'ಬಯ್ಬೇಡ ಕನಣ್ಣ, ನಾನೂವಿ ಯಳಂದೂರವ್ನೇಯ.'

ಆ ಯಳಂದೂರಿನ ಹುಡುಗ ಈಗ ನಮ್ಮ ತಂಡದಲ್ಲೇ ಇದ್ದಾನೆ. ಹೌದು, ನಮ್ಮ ತಂಡ. ತಲೆ ನೆರೆತ ಮೇಲೆ ನಾನೂ ಸೇರಿಕೊಂಡೆ.

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಹುಟ್ಟಿದ, ಬರೀ ಅಕ್ಷರಗಳಲ್ಲೇ ನಡೆಯುತ್ತಿದ್ದ 'ಮಡ್' ಈ ಆಟಗಳ ಮೂಲ ಎನ್ನುತ್ತಾರೆ. ಇರಲಿ. ಪಾತ್ರ ಹಿಡಿದು ಆಡುವುದು ನಮ್ಮ ಸೀಮೆಗೆ ಅದಕ್ಕಿಂತ ಹಳೆಯದು. 'ಕುರುಕ್ಷೇತ್ರ' ನಾಟಕಕ್ಕೆ ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿದು, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡಿದವರಿಗೆ ಮುಂದಿನ ಮಾತೆಲ್ಲ ಗೊತ್ತಿರುವುದೇ.

1. ಹೇಳಿದ ಹೊತ್ತಿಗೆ ಬನ್ನಿ.

2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನ ಮೊದಲ ದೊಡ್ಡ ದಾಳಿಗಳಿಗೆ 40 ಮಂದಿ ಸೇರಬೇಕಿತ್ತು. ಒಬ್ಬ ಮುದ್ದೆ ಮುರಿಯುತ್ತ ಕೂತರೆ 39 ಮಂದಿ ಕೈಕಟ್ಟಿ ನಿಲ್ಲಬೇಕು. ತಾಲೀಮಿಗೆ ಭೀಮನೇ ಬಾರದಿದ್ದರೆ ದುರ್ಯೋಧನ ಯಾರ ಮೇಲೆ ಗದೆ ಎತ್ತಿಯಾನು? ಊಟ ಮುಗಿಸಿ, ಮನೆಯಲ್ಲಿ ಹೇಳಿ, ಚಾರ್ಜ್ ನೋಡಿಕೊಂಡು ಕೂರಿ.

2. ಹೋಗುವವರು ಹೇಳಿ ಹೋಗಿ, ಉಳಿದವರು ಕಾಯಿರಿ.

ಸೋಲುತ್ತಿದ್ದೇವೆ ಎಂದು ಗೊತ್ತಾದ ಕೂಡಲೇ ಸದ್ದಿಲ್ಲದೆ ಜಾರಿಕೊಳ್ಳುವವನಿಗೆ ನನ್ನಲ್ಲಿ ಕ್ಷಮೆಯಿಲ್ಲ. ಆದರೆ ಜಾರಿಕೊಂಡವನೂ ಕರೆಂಟು ಹೋದವನೂ ಪರದೆಯ ಮೇಲೆ ಒಂದೇ ಥರ ಕಾಣುತ್ತಾರೆ. ನಮ್ಮ ಹನೂರಿನ ಕಡೆಯ ಜೊತೆಗಾರನ ಊರು ಕಾಡಂಚಿನಲ್ಲಿದೆ. ಅಲ್ಲಿ ಸಿಗ್ನಲ್ಲು ಮೋಡ ನೋಡಿಕೊಂಡು ಬರುತ್ತದೆ. ಅವನು ತಾರಸಿ ಹತ್ತಿ, ನೀರಿನ ಟ್ಯಾಂಕಿಗೆ ಒರಗಿ, ಮೊಬೈಲನ್ನು ಒಂದು ದಿಕ್ಕಿಗೇ ಹಿಡಿದು ಆಡುತ್ತಾನೆ. ಒಂದು ರಾತ್ರಿ ರಾಕ್ಷಸನ ಜೀವ ಇನ್ನೇನು ಒಂದು ಗೆರೆ ಉಳಿದಿದೆ ಎನ್ನುವಾಗ, 'ಒಸಿ ತಡೀರ್ಲಾ' ಎಂಬ ದನಿ ಬಂತು, ಅವನ ಪಾತ್ರ ನಿಂತಲ್ಲೇ ಕಲ್ಲಾಯಿತು. ಅವನನ್ನು ತೆಗೆದುಹಾಕಿ ಬೇರೆಯವರನ್ನು ಸೇರಿಸು ಎಂದು ಮೂವರು ಕೂಗಿದರು. ಯಳಂದೂರಿನವನು ಮಾತ್ರ ಆ ಕಲ್ಲಿನ ಮುಂದೆ ನಿಂತು ಏಟು ತಿಂದ. ಐದು ನಿಮಿಷಕ್ಕೆ ಕಲ್ಲು ಅಲುಗಾಡಿತು. ಆವತ್ತಿನಿಂದ ನಮ್ಮಲ್ಲಿ ಐದು ನಿಮಿಷದ ಕಾಯಿದೆ. ಬಂದವನನ್ನು ಎಲ್ಲಿ ಹೋಗಿದ್ದೆ ಎಂದು ಕೇಳುವುದಿಲ್ಲ.

3. ನಿಮ್ಮ ಪಾತ್ರದ ಕೆಲಸ ಮಾಡಿ.

ಏಟು ತಡೆಯುವವನು ಟ್ಯಾಂಕ್, ಗಾಯ ಮಾಯಿಸುವವನು ಹೀಲರ್, ಹೊಡೆಯುವವರು ಉಳಿದವರು. ಮಾದಪ್ಪನ ಗುಡ್ಡರ ಬೀಸು ಕಂಸಾಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬ ತಾಳಕ್ಕೆ ಮುಂಚೆ ಬೀಸಿದರೆ ಕಂಚು ಪಕ್ಕದವನ ಮೂತಿಗೆ ಬೀಳುತ್ತದೆ. 2005ರ ಒಂದು ವಿಡಿಯೊದಲ್ಲಿ ತಂಡವೆಲ್ಲ ಲೆಕ್ಕ ಹಾಕುತ್ತಿರುವಾಗ ಲೀರಾಯ್ ಜೆಂಕಿನ್ಸ್ ಎಂಬ ಪಾತ್ರ ತನ್ನ ಹೆಸರನ್ನೇ ಕೂಗಿಕೊಂಡು ಒಳಗೆ ನುಗ್ಗುತ್ತದೆ, ಎಲ್ಲರೂ ಸಾಯುತ್ತಾರೆ. ತಮಾಷೆಗೆಂದೇ ಆಡಿ ಚಿತ್ರಿಸಿದ್ದೆಂದು ಆಮೇಲೆ ತಿಳಿಯಿತು, ಹೆಸರು ಮಾತ್ರ ಗಾದೆಯಾಗಿ ಉಳಿಯಿತು. ಮತ್ತೊಂದು ಮಾತು: ಸತ್ತಾಗಲೆಲ್ಲ ಹೀಲರನ್ನು ಬೈಯಬೇಡಿ. ನಿಮಗೆ ನಿಮ್ಮದೊಂದೇ ಜೀವದ ಚಿಂತೆ, ಅವನಿಗೆ ಎಲ್ಲರದ್ದೂ.

4. ಲೂಟ್ ಹಂಚುವಾಗ ಪಕ್ಕದ ಎಲೆ ನೋಡಿ.

ರಾಕ್ಷಸ ಬಿದ್ದ ಮೇಲೆ ಸಿಗುವ ಕತ್ತಿ, ಕವಚಕ್ಕೆ 'ಬೇಕೇ ಬೇಕು' ಅಥವಾ 'ಸಿಕ್ಕರೆ ಇರಲಿ' ಎಂದು ಒತ್ತುವ ಗುಂಡಿಗಳು ಅನೇಕ ಆಟಗಳಲ್ಲಿವೆ. ಬಿಲ್ಲುಗಾರ ಮಂತ್ರದಂಡಕ್ಕೆ 'ಬೇಕೇ ಬೇಕು' ಒತ್ತಿದರೆ ಅದು ಕಳ್ಳತನ, ಬೇರೆ ಹೆಸರಿಲ್ಲ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿ ನೋಡದೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಅಂಥ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಇನ್ನೂ ಬಡಿಸಿರದಿದ್ದಾಗ ಎರಡನೇ ಸಲ ಕೇಳುತ್ತೀರಾ?

5. ಹೊಸಬನನ್ನು 'ನೂಬ್' ಎಂದು ಹಂಗಿಸಬೇಡಿ.

ದಾರಿ ತೋರಿಸಿ, ಮುಗಿಯಿತು.

6. ಎಲ್ಲರಿಗೂ ತಿಳಿಯುವ ಮಾತಾಡಿ.

ಹನೂರಿನ ಅಂಗಡಿ ಬೀದಿಯಲ್ಲಿ ಗಿರಾಕಿಯ ಮುಖ ನೋಡಿ ಕನ್ನಡದಿಂದ ತಮಿಳಿಗೆ ಹೊರಳುತ್ತಾರೆ. ಒಡೆಯರಪಾಳ್ಯದ ಟಿಬೆಟನ್ನರು ಕನ್ನಡದಲ್ಲೇ ವ್ಯಾಪಾರ ಮುಗಿಸುತ್ತಾರೆ. ಐವರಲ್ಲಿ ಒಬ್ಬನಿಗೆ ತಿಳಿಯದ ಭಾಷೆಯಲ್ಲಿ ನಾಲ್ವರು ನಗುತ್ತಿದ್ದರೆ, ಅವನು ನಾಳೆ ಬರುವುದಿಲ್ಲ.

7. ಹೆಣ್ಣಿನ ದನಿ ಕೇಳಿದರೆ ಆಟ ಮುಂದುವರಿಸಿ.

ಮಾಡಬೇಕಾದ್ದು ಅಷ್ಟೇ. 'ನಂಬರ್ ಕೊಡಿ', 'ಫೋಟೊ ಕಳಿಸಿ', 'ನಿಜವಾಗ್ಲೂ ಹುಡುಗೀನಾ' ಎಂಬ ಕಾಟಕ್ಕೆ ಎಷ್ಟೋ ಹೆಣ್ಣುಮಕ್ಕಳು ಮೈಕು ಮುಚ್ಚಿ, ಗಂಡು ಹೆಸರಿಟ್ಟುಕೊಂಡು ಆಡುತ್ತಾರೆ. ಹಿಂದೆ ನಮ್ಮ ನಾಟಕಗಳಲ್ಲಿ ಗಂಡಸರೇ ಸೀರೆಯುಟ್ಟು ದ್ರೌಪದಿಯಾಗುತ್ತಿದ್ದರು, ಇಲ್ಲಿ ದ್ರೌಪದಿಯೇ ಮೀಸೆ ಅಂಟಿಸಿಕೊಳ್ಳಬೇಕಾಗಿದೆ. ಕಾಟ ಕೊಡುವವನನ್ನು ಕಂಡೂ ಸುಮ್ಮನಿರುವ ತಂಡವೂ ತಪ್ಪಿತಸ್ಥ. ರಿಪೋರ್ಟ್ ಗುಂಡಿ ಇರುವುದು ಇದಕ್ಕೇ. (ಓಟಿಪಿ, ಪಾಸ್‌ವರ್ಡ್ ಯಾರಿಗೂ ಕೊಡಬಾರದೆಂದು ಬೇರೆ ಹೇಳಬೇಕೆ? ತಂಡದೊಳಗೆ ಯಾರಾದರೂ ದುಡ್ಡು ಕಟ್ಟಿ ಆಡುವ ಆಟಕ್ಕೆ ಕರೆದರೆ ಹೊರಬನ್ನಿ. ಅಂಥ ಆಟಗಳನ್ನು ನಿಷೇಧಿಸುವ ಕಾಯಿದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲೇ ಒಪ್ಪಿಗೆ ಕೊಟ್ಟಿದೆ.)

8. ಜಗಳವನ್ನು ರಂಗದ ಮೇಲೇ ಬಿಟ್ಟು ಬನ್ನಿ.

ರಾತ್ರಿಯೆಲ್ಲ ಹಲ್ಲು ಕಡಿದ ಭೀಮ, ದುರ್ಯೋಧನರು ಬೆಳಗ್ಗೆ ಅರ್ಧಂಬರ್ಧ ತೊಳೆದ ಬಣ್ಣದಲ್ಲೇ ಒಂದೇ ಗೂಡಂಗಡಿಯಲ್ಲಿ ಟೀ ಕುಡಿಯುತ್ತಾರೆ. ಕವಚದ ಒಳಗಿರುವವನು ಯಾರೆಂದು ಅವರಿಗೆ ಗೊತ್ತು. ಆನ್‌ಲೈನಿನಲ್ಲಿ ಅದು ಗೊತ್ತಾಗುವುದಿಲ್ಲ. ನಾರ್ವೆಯ ಮ್ಯಾಟ್ಸ್ ಸ್ಟೀನ್ ಸ್ನಾಯು ಸವೆಯುವ ಕಾಯಿಲೆಯಿಂದ ಗಾಲಿಕುರ್ಚಿಯಲ್ಲಿದ್ದ. ವಾರ್‌ಕ್ರಾಫ್ಟ್‌ನಲ್ಲಿ ಮಾತ್ರ ಇಬೆಲಿನ್ ಎಂಬ ಹೆಸರಿನಲ್ಲಿ ಓಡಾಡುತ್ತಿದ್ದ. ಅವನು 2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡಾಗ, ಮಗನಿಗೆ ಗೆಳೆಯರೇ ಇರಲಿಲ್ಲವೆಂದು ಹೆತ್ತವರು ಕೊರಗಿದರು. ಅವನ ಬ್ಲಾಗಿನಲ್ಲಿ ಸುದ್ದಿ ಹಾಕಿದ್ದೇ ತಡ, ಬೇರೆ ಬೇರೆ ದೇಶಗಳಿಂದ ಪತ್ರಗಳು ಬಂದವು. ಕೆಲವರು ಮಣ್ಣಿಗೇ ಬಂದರು.

ನಮ್ಮ ತಂಡದಲ್ಲೀಗ ಒಂದು ಜಾಗ ಖಾಲಿಯಿದೆ, ಹೀಲರ್ ಬೇಕು. ರಾತ್ರಿ ಒಂಬತ್ತಕ್ಕೆ ಬನ್ನಿ. ಹನೂರಿನಲ್ಲಿ ಕರೆಂಟ್ ಇಲ್ಲದಿದ್ದರೆ ಒಂಬತ್ತೂ ಐದಕ್ಕೆ.