ಮೊಬೈಲ್ ಬ್ಯಾಟರಿ: ಬಳಕೆ ಮತ್ತು ವಿಲೇವಾರಿ

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಬೀದಿಗಳಿಗೆ ಬೆಳಗಾಗುತ್ತಲೇ ಕಸದ ಆಟೋ ಬರುತ್ತದೆ. ಹಸಿ ಕಸ, ಒಣ ಕಸಗಳನ್ನು ಬೇರ್ಪಡಿಸಿ ಕೊಡುವ ಪದ್ಧತಿ ಇಲ್ಲಿನ ಗೃಹಸ್ಥರಿಗೆ ಹೊಸದಲ್ಲ. ಆದರೆ ಹಳೆಯ ಮೊಬೈಲ್ ಬ್ಯಾಟರಿಯು ಈ ಎರಡಕ್ಕೂ ಸೇರತಕ್ಕ ವಸ್ತುವಲ್ಲ. ಅದನ್ನು ಒಣ ಕಸದ ಚೀಲಕ್ಕೆ ಹಾಕಿದರೆ ಮನೆಯ ಅಪಾಯ ತೊಲಗಿದಂತೆ ತೋರುತ್ತದೆ. ವಾಸ್ತವವಾಗಿ ಅದು ಪೌರಕಾರ್ಮಿಕರ ಕೈ ಸೇರಿರುತ್ತದೆ. ಇದರ ಕಾರಣವನ್ನು ತಿಳಿಯಬೇಕಾದರೆ ಬ್ಯಾಟರಿಯ ರಚನೆಯನ್ನು ಅರಿಯುವುದು ಅವಶ್ಯಕ.

ರಚನೆ

ಇಂದಿನ ಮೊಬೈಲ್‌ಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಜಪಾನಿನ ಸೋನಿ ಸಂಸ್ಥೆ 1991ರಲ್ಲಿ ಇದನ್ನು ಮೊದಲಿಗೆ ಮಾರುಕಟ್ಟೆಗೆ ತಂದಿತು. ಇದರ ಮೂಲ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಬ್ಯಾಟರಿಯ ಒಂದು ಬದಿಗೆ ಗ್ರ್ಯಾಫೈಟ್, ಇನ್ನೊಂದು ಬದಿಗೆ ಕೋಬಾಲ್ಟ್ ಮುಂತಾದ ಲೋಹಗಳ ಆಕ್ಸೈಡ್ ಇರುತ್ತವೆ. ಇವೆರಡರ ನಡುವೆ ತಲೆಗೂದಲಿಗಿಂತಲೂ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದಿದೆ. ಅಯಾನುಗಳು ಸುಲಭವಾಗಿ ಹೊತ್ತಿಕೊಳ್ಳುವ ದ್ರವವೊಂದರ ಮೂಲಕ ಅತ್ತಿಂದಿತ್ತ ಸಂಚರಿಸುತ್ತವೆ. ಬ್ಯಾಟರಿ ಜಜ್ಜಿದರೆ ಅಥವಾ ಚುಚ್ಚಿದರೆ ಆ ಹಾಳೆ ಹರಿಯುತ್ತದೆ. ಎರಡು ಬದಿಗಳೂ ನೇರವಾಗಿ ಕೂಡಿ ತೀವ್ರ ಶಾಖ ಹುಟ್ಟುತ್ತದೆ. ಶಾಖದಿಂದ ರಾಸಾಯನಿಕ ಕ್ರಿಯೆ, ಕ್ರಿಯೆಯಿಂದ ಮತ್ತಷ್ಟು ಶಾಖ ಎಂಬಂತೆ ಬೆಳೆದು ಕೊನೆಗೆ ಬೆಂಕಿಯೇಳುತ್ತದೆ. ಕಸವನ್ನು ಒತ್ತಿ ತುಂಬುವ ಲಾರಿಯಲ್ಲಿ ಆಗಬಹುದಾದುದು ಇದೇ.

ಬಳಕೆ ಮತ್ತು ಚಾರ್ಜು ಮಾಡುವ ಕ್ರಮ

ಶಾಖವೇ ಬ್ಯಾಟರಿಯ ಮೊದಲ ಶತ್ರು. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್‌ನಲ್ಲಿ ತಾಪಮಾನ 39 ಡಿಗ್ರಿ ದಾಟಿತ್ತು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಂತೂ ಶಾಖ ಇನ್ನೂ ಹೆಚ್ಚು. ಅಲ್ಲಿ ಫೋನನ್ನು ಬಿಡಕೂಡದು. ದಿಂಬಿನ ಕೆಳಗೆ, ಹಾಸಿಗೆಯ ಮೇಲೆ ಚಾರ್ಜು ಮಾಡಿದರೆ ಶಾಖವು ಹೊರಹೋಗಲಾರದು. ಗಟ್ಟಿಯಾದ, ಗಾಳಿಯಾಡುವ ಜಾಗವೇ ಯೋಗ್ಯ. ಚಾರ್ಜರು ಫೋನಿಗೆ ಹೊಂದುವಂಥದೂ ಬಿ.ಐ.ಎಸ್. ಗುರುತುಳ್ಳದ್ದೂ ಆಗಿರತಕ್ಕದ್ದು. ನಿತ್ಯವೂ ಪೂರ್ಣ ಬರಿದು ಮಾಡಿ ಪೂರ್ಣ ತುಂಬುವುದಕ್ಕಿಂತ, ಶೇಕಡ 20 ಮತ್ತು 80ರ ನಡುವೆ ಇರಿಸಿಕೊಂಡರೆ ಬ್ಯಾಟರಿಯ ಆಯುಸ್ಸು ಹೆಚ್ಚುತ್ತದೆ.

ಫೋನಿನ ಬೆನ್ನು ಉಬ್ಬಿದರೆ ಒಳಗೆ ಅನಿಲ ಸೇರಿದೆಯೆಂದು ತಿಳಿಯಬೇಕು. ಅದನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಮತ್ತೆ ಚಾರ್ಜು ಮಾಡುವುದಾಗಲಿ ಸಲ್ಲದು. ಹೊಗೆ ಕಾಣಿಸಿದರೆ, ಸಾಧ್ಯವಿದ್ದಲ್ಲಿ ವಿದ್ಯುತ್ತನ್ನು ನಿಲ್ಲಿಸಿ, ಎಲ್ಲರೂ ದೂರ ಸರಿದು ಅಗ್ನಿಶಾಮಕ ದಳಕ್ಕೆ ತಿಳಿಸಬೇಕು. ಆ ಹೊಗೆ ವಿಷಯುಕ್ತವಾದುದು.

ವಿಲೇವಾರಿ

ಭಾರತ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಹಳೆಯ ಬ್ಯಾಟರಿಗಳನ್ನು ಹಿಂಪಡೆದು ಮರುಬಳಕೆಗೆ ಒಳಪಡಿಸುವ ಹೊಣೆ ತಯಾರಕರದು. ಅವನ್ನು ಮನೆಯ ಕಸದೊಂದಿಗೆ ಬೆರೆಸದೆ ಬೇರೆಯಾಗಿ ಒಪ್ಪಿಸುವುದು ಬಳಕೆದಾರರ ಕರ್ತವ್ಯ. ಮಣ್ಣಿನಲ್ಲಿ ಹೂಳುವುದೂ ಸುಡುವುದೂ ನಿಷಿದ್ಧ. ಇದು ನಷ್ಟದ ಮಾತಲ್ಲ. ಕೋಬಾಲ್ಟ್, ನಿಕಲ್, ಲಿಥಿಯಂ, ತಾಮ್ರಗಳನ್ನು ಹಳೆಯ ಬ್ಯಾಟರಿಗಳಿಂದ ಮರಳಿ ಪಡೆಯಬಹುದು.

ಒಪ್ಪಿಸುವ ಮೊದಲು ಬಿಡಿ ಬ್ಯಾಟರಿಯ ಲೋಹದ ತುದಿಗಳಿಗೆ ಅಂಟುಪಟ್ಟಿ ಸುತ್ತಬೇಕು. ಫೋನಿನೊಳಗೇ ಜೋಡಿಸಿದ ಬ್ಯಾಟರಿಯನ್ನು ಮನೆಯಲ್ಲಿ ಕೀಳದೆ, ಫೋನನ್ನು ಇಡಿಯಾಗಿ ತಯಾರಕರ ಸೇವಾಕೇಂದ್ರಕ್ಕೋ ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೋ ನೀಡುವುದು ಕ್ಷೇಮ. ಶಾಲೆಗಳು ಸಂಗ್ರಹದ ಪೆಟ್ಟಿಗೆ ಇರಿಸಿದರೆ ಅನೇಕ ಮನೆಗಳಿಗೆ ಅನುಕೂಲವಾದೀತು. ಆದರೆ ಉಬ್ಬಿದವನ್ನು ಅದರಲ್ಲಿ ಸೇರಿಸದೆ, ರಾಶಿ ಬೆಳೆಯುವ ಮುನ್ನವೇ ಸಾಗಿಸುವ ವ್ಯವಸ್ಥೆ ಇರಬೇಕು.

ಬ್ಯಾಟರಿಯನ್ನು ಕೊಂಡವರು ಅದರ ಉಪಯೋಗವನ್ನು ಪಡೆದಿರುತ್ತಾರೆ. ಕಸ ಆಯುವವರು ಪಡೆದಿರುವುದಿಲ್ಲ. ಆದುದರಿಂದ ಅದರ ಅಪಾಯವೂ ಅವರ ಪಾಲಿಗೆ ಹೋಗದಂತೆ ನೋಡಿಕೊಳ್ಳುವುದು ನ್ಯಾಯ. ಇಷ್ಟನ್ನು ಪ್ರತಿ ವಿದ್ಯಾರ್ಥಿಯೂ ಮನೆಗೆ ಕೊಂಡೊಯ್ದರೆ ಈ ಪಾಠ ಸಾರ್ಥಕ.