ಚೈನ್ ಬಿಚ್ಚುವ ಮೊದಲು ಡಿಪ್‌ಸ್ಟಿಕ್ ನೋಡಿ

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಗರಗರ ಸದ್ದು, ಆಮೇಲೆ ಸುಮ್ಮನಾಗುತ್ತದೆ ಎಂದಿದ್ದೀರಿ. ಅಷ್ಟಕ್ಕೇ ಸ್ಪ್ಯಾನರ್ ಎತ್ತಬೇಡಿ. ಎಂಜಿನ್ನಿನ ಟೈಮಿಂಗ್ ಚೈನನ್ನು ಬಿಗಿಹಿಡಿಯುವ ಟೆನ್ಷನರ್ ಬಹುತೇಕ ಕಾರುಗಳಲ್ಲಿ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಆಯಿಲ್ ಕಡಿಮೆಯಿದ್ದರೂ ಹಳತಾಗಿದ್ದರೂ ಇದೇ ಸದ್ದು ಬರುತ್ತದೆ. ಮೊದಲು ಆಯಿಲ್, ಫಿಲ್ಟರ್ ಬದಲಿಸಿ ನೋಡಿ.

ಎಂಜಿನ್ ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ ಚೈನ್ ಸವೆದು ಉದ್ದವಾಗಿರಬಹುದು. ಆಗ ಚೈನ್ ಒಂದನ್ನೇ ಹಾಕುವುದು ದಂಡ. ಟೆನ್ಷನರ್, ಗೈಡ್, ಮುಂಭಾಗದ ಆಯಿಲ್ ಸೀಲ್ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಬ್ಯಾಟರಿ ಕಳಚಿ. ಮೌಂಟ್ ಬಿಚ್ಚುವ ಮೊದಲು ಎಂಜಿನ್ ಕೆಳಗೆ ಮರದ ಹಲಗೆಯಿಟ್ಟು ಜಾಕ್ ಕೊಡಿ.

ಹಳೆಯ ಚೈನ್ ತೆಗೆದ ಮೇಲೆ, ಹೊಸ ಚೈನಿನ ಬಣ್ಣದ ಕೊಂಡಿಗಳನ್ನು ಸ್ಪ್ರಾಕೆಟ್ ಗುರುತುಗಳಿಗೆ ಕೂಡಿಸಿ. ನಂತರ ಕೀ ತಿರುಗಿಸಬೇಡಿ! ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು ಕೈಯಿಂದ ತಿರುಗಿಸಿ. ಕ್ಯಾಮ್ ಒಂದು ಸುತ್ತು ಬರಲು ಕ್ರ್ಯಾಂಕ್ ಎರಡು ಸುತ್ತಬೇಕು. ಸ್ಪ್ರಾಕೆಟ್ ಗುರುತುಗಳು ಮರಳಿ ಕೂಡಬೇಕು. ಬಣ್ಣದ ಕೊಂಡಿಗಳು ಮಾತ್ರ ಜಾಗ ಬದಲಿಸಿರುತ್ತವೆ, ಗಾಬರಿಯಾಗಬೇಡಿ. ನಡುವೆ ಗಟ್ಟಿಯಾಗಿ ಅಡ್ಡ ಸಿಕ್ಕರೆ ಬಲ ಹಾಕಬೇಡಿ, ಪಿಸ್ಟನ್ ವಾಲ್ವಿಗೆ ತಾಗಿರಬಹುದು.

ಸರ್ವಿಸ್ ಮ್ಯಾನುಯಲ್, ಟಾರ್ಕ್ ರೆಂಚ್ ಎರಡೂ ಇಲ್ಲವಾದರೆ ನಂಬಿಕಸ್ಥ ಮೆಕ್ಯಾನಿಕ್‌ಗೇ ಒಪ್ಪಿಸಿ, ಪಕ್ಕದಲ್ಲಿ ನಿಂತು ನೋಡಿ.